ಮಾವನವರ ಹೊಲಕ್ಕೆ ಅರ್ಧ ಇಂಚಿನ ಕಾಂಪೌಂಡು

ದಾವಣಗೆರೆ ಜಿಲ್ಲೆಯಾದ ಹೊಸತು. ಊರಲ್ಲಿ ಎಲ್ಲಿ ನೋಡಿದರೂ ಏನಾದರೊಂದು ಕಟ್ಟುತ್ತಿದ್ದರು. ಆ ಗಾಳಿ ನನಗೂ ಸೋಕಿತೋ ಏನೋ, ಒಂದೆಕರೆ ಹೊಲಕ್ಕೆ ಕಾಂಪೌಂಡ್ ಕಟ್ಟುವುದೇನು ಮಹಾ ಎಂದು ನಾನೂ ಒಂದು ಮಾತು ಆಡಿಬಿಟ್ಟೆ. ನಾನು ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡುವವನು. ಭತ್ತ ಬೆಳೆಯುವ ದೇಶಗಳ ಹೆಸರನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಭತ್ತದ ಸಸಿ ಯಾವುದು, ಕಳೆ ಯಾವುದು ಎಂದು ಮಾತ್ರ ಯಾರೂ ಕೇಳಬಾರದು.

ನನ್ನ ಮಾವ ಹಾಲೇಶಪ್ಪನವರದು ಹರಿಹರದ ಕಡೆಯ ಭಾನುವಳ್ಳಿ. ಉಳಿದ ಜಮೀನಿನಿಂದ ದೂರವಾಗಿ, ಕಾಲುವೆಯ ಪಕ್ಕ ಅವರದೊಂದು ಎಕರೆ ತುಂಡು ಹೊಲ ಇತ್ತು. ನನ್ನ ಹೆಂಡತಿ ನಿರ್ಮಲಾಳಿಗೆ ಆ ತುಂಡಿನ ಮೇಲೆ ಚಿಕ್ಕಂದಿನಿಂದ ಜೀವ. ನಿಜಲಿಂಗಪ್ಪ ಬಡಾವಣೆಯ ನಮ್ಮ ಬಾಡಿಗೆ ಮನೆಯ ತಾರಸಿಯಲ್ಲಿ ಒಡೆದ ಬಕೆಟ್ಟು, ಎಣ್ಣೆ ಡಬ್ಬ, ತಳ ಹೋದ ಕುಕ್ಕರು ಹೀಗೆ ಸಿಕ್ಕಿದ್ದರಲ್ಲೆಲ್ಲ ಅವಳು ಗಿಡ ನೆಡುತ್ತಿದ್ದಳು. ಕುಕ್ಕರಿನಲ್ಲಿ ಒಂದು ನಿಂಬೆ ಗಿಡ ಹೂ ಬಿಟ್ಟು, ಬೇರು ಇಳಿಸಲು ಜಾಗವಿಲ್ಲದೆ ಒಣಗಿದಾಗ ಅವಳು ಎರಡು ದಿನ ನನ್ನೊಡನೆ ಸರಿಯಾಗಿ ಮಾತಾಡಿರಲಿಲ್ಲ. ಒಣಗಿಸಿದ್ದು ನಾನಲ್ಲ, ಆದರೂ!

ಈ ನಡುವೆ ಒಬ್ಬ ಇಟ್ಟಿಗೆ ಭಟ್ಟಿಯವನು ಆ ಹೊಲದ ಮಣ್ಣಿಗೆ ಗಂಟು ಬಿದ್ದಿದ್ದ. ಕೊಟ್ಟರೆ ಅಲ್ಲಿ ಉಳಿಯುವುದು ಗುಂಡಿ ಮಾತ್ರ. ಸುದ್ದಿ ಕೇಳಿ ನಿರ್ಮಲಾ ನನ್ನನ್ನು ಹೊರಡಿಸಿಕೊಂಡು ಭಾನುವಳ್ಳಿಗೆ ಹೋದಳು.

"ಅಪ್ಪಾಜಿ, ಆ ತುಂಡು ನನಗ ಕೊಡ್ರಿ. ತೋಟ ಮಾಡ್ತೀನಿ," ಎಂದಳು.

"ಕೊಡೋದೇನು ದೊಡ್ಡದಲ್ಲವ್ವ," ಎಂದರು ಮಾವ. "ಊರಿನ ಎಮ್ಮೆಗಳೆಲ್ಲ ನೀರಿಗೆ ಆ ದಾರೀಲೇ ಹೋಗ್ತಾವೆ. ನೀನು ದಾವಣಗೆರ್ಯಾಗೆ ಇರಾಕಿ. ಕಾವಲಿಲ್ದ ತೋಟ ಎಮ್ಮೆಗೆ ಬಡಿಸಿಟ್ಟ ಎಡೆ ಇದ್ದಂಗೆ. ಕಾಯೋರು ಯಾರು?"

ಆಗ ನಾನು ಸುಮ್ಮನಿರಬೇಕಿತ್ತು. ಅವರು ಮಗಳನ್ನು ಕೇಳಿದ್ದರು, ನನ್ನನ್ನಲ್ಲ.

"ಅದಕ್ಕೇನಂತೆ ಮಾವಾರೆ! ಸುತ್ತ ಕಾಂಪೌಂಡ್ ಕಟ್ಟಿಸಿದ್ರಾಯ್ತು. ಗೋಡಿ ಎಷ್ಟು ಎತ್ತರ, ಗೇಟು ಎಲ್ಲಿ, ಎಲ್ಲಾನೂ ಅಳತೆ ಪ್ರಕಾರ ಮಾದರಿ ಮಾಡಿ ತೋರಿಸ್ತೀನಿ ನಿಮಗೆ."

ಮಾವ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. "ಆಗ್ಲಿ ಮೇಷ್ಟ್ರೇ. ಶ್ರಾವಣದ ಕಡೇ ಸೋಮವಾರ ನಿಮ್ಮನಿಗೆ ಪೂಜೆಗೆ ಬರ್ತೀನಲ್ಲ, ಅವತ್ತು ನೋಡ್ತೀನಿ. ನಂಬಿಕಿ ಬಂದ್ರೆ ಹೊಲ ಇವಳಿಗೆ. ಇಲ್ದಿದ್ರೆ ಭಟ್ಟಿಯೋನಿಗೆ ಹೂಂ ಅಂದುಬಿಡ್ತೀನಿ."

ಹರಿಹರದ ಮೇಲೆ ದಾವಣಗೆರೆಗೆ ವಾಪಸು ಬರುವಾಗ ಬಸ್ಸಿನಲ್ಲಿ ನಿರ್ಮಲಾ ಕೇಳಿದಳು: "ಮಾಡ್ತೀರಿ ತಾನೆ?"

"ಭೂಗೋಳದ ಮೇಷ್ಟ್ರಿಗೆ ಕೇಳೋ ಪ್ರಶ್ನೇನೇ ಇದು?" ಎಂದೆ. ಅವಳು ಕಿಟಕಿಯ ಕಡೆ ತಿರುಗಿ ಕುಳಿತಳು.

ಲೆಕ್ಕದ ಭಾಗ ನಿರ್ವಿಘ್ನವಾಗಿ ನಡೆಯಿತೆಂದು ಹೇಳಲು ಹೆಮ್ಮೆಯಾಗುತ್ತದೆ. ಹತ್ತು ಅಡಿಗೆ ಒಂದು ಇಂಚು ಎಂದು ನಿಗದಿ ಮಾಡಿದೆ. ಹೊಲ ಒಂದು ಪ್ಲೈವುಡ್ ತುಂಡಿನ ಮೇಲೆ ಸಲೀಸಾಗಿ ಕೂತಿತು. ಆಳೆತ್ತರದ ಕಾಂಪೌಂಡು ಅರ್ಧ ಇಂಚಿಗಿಂತ ಒಂದು ಚೂರು ಹೆಚ್ಚು. ಒಳಗಿನ ತೋಟವನ್ನು ನಿರ್ಮಲಾ ಒಂದೇ ಮಧ್ಯಾಹ್ನದಲ್ಲಿ ಮುಗಿಸಿದಳು. ಸಾಮಿಲ್ಲಿನ ಮರದ ಹೊಟ್ಟಿಗೆ ಹಸಿರು ಬಣ್ಣ ಕಲಸಿ ಹುಲ್ಲು ಮಾಡಿದಳು. ತುಳಸಿಯ ಒಣ ಕಡ್ಡಿಗಳಿಂದ ಮಾವು, ನಿಂಬೆ. ನೀಲಿ ರವಿಕೆ ಬಟ್ಟೆಯ ಒಂದು ಪಟ್ಟಿ ಕಾಲುವೆ. ಮೂಲೆಯಲ್ಲಿ ಸ್ವಲ್ಪ ದೊಡ್ಡದೊಂದು ಕಡ್ಡಿ ನೆಟ್ಟು, ಅದು ಏನೆಂದು ನಾನು ಕೇಳಿದರೆ ಹೇಳಲಿಲ್ಲ.

"ನನ್ನ ಕೆಲಸ ಮುಗೀತು. ಇನ್ನು ಗೋಡಿ ನಿಮ್ಮದು," ಎಂದಳು.

ಗೋಡೆಯನ್ನು ಕಟ್ಟುವುದೇಕೆ, ಕೊಂಡರಾಯಿತು ಎಂದುಕೊಂಡು ನಾನು ವಿನೋಬನಗರದ ಬಾಷಾ ಸಾಬರ ಆಟಿಕೆ ಅಂಗಡಿಗೆ ಹೋದೆ.

"ಗೋಡಿ ಐತೇನ್ರಿ ಸಾಬ್ರೆ?"

"ಎಂಥಾ ಗೋಡಿ ಸಾರ್?"

"ಬರೀ ಗೋಡಿ. ಮನಿ ಬ್ಯಾಡ."

ಬಾಷಾ ಸಾಬರು ಮೆತ್ತಗೆ ಹೇಳಿದರು: "ಬರೀ ಗೋಡಿ ಯಾರು ಮಾಡ್ತಾರ ಸಾರ್? ಹಿಂಗೆ ಮಾಡ್ರಿ. ಪ್ಲಾಸ್ಟಿಕ್ ಮನಿ ತಗೊಂಡು ಹೋಗ್ರಿ. ಅದರ ಜೊತಿಗೆ ನಾಕು ಗೋಡಿ ಫ್ರೀ!"

ಮನೆ ಕೊಳ್ಳಲಿಲ್ಲ. ಬರಿಗೈಲಿ ಬರಲು ನಾಚಿಕೆಯಾಗಿ ಒಂದು ಪೊಟ್ಟಣ ಪ್ಲಾಸ್ಟಿಕ್ ಪ್ರಾಣಿಗಳನ್ನು ತಂದೆ. ಮನೆಗೆ ಬಂದು ಬಿಚ್ಚಿದರೆ, ಕೋಳಿ ಹಸುವಿಗಿಂತ ದೊಡ್ಡದಿತ್ತು! ನನ್ನ ಅಳತೆಯ ಪ್ರಕಾರ ಆ ಕೋಳಿಯ ಎತ್ತರ ಹದಿನೈದು ಅಡಿ. ಅಂಥ ಕೋಳಿ ಇರುವ ತೋಟಕ್ಕೆ ಕಾಂಪೌಂಡಿನ ಅಗತ್ಯವೇ ಇಲ್ಲ, ಯಾವ ಎಮ್ಮೆಯೂ ಹತ್ತಿರ ಸುಳಿಯುವುದಿಲ್ಲ. ಪೊಟ್ಟಣವನ್ನು ಕಪಾಟಿನ ಮೇಲೆ ಇಟ್ಟೆ.

ಮುಂದಿನ ಪ್ರಯತ್ನ ಥರ್ಮಕೋಲು. ಬ್ಲೇಡಿನಿಂದ ಕೊಯ್ದು ನಾಲ್ಕೂ ಕಡೆ ನಿಲ್ಲಿಸಿದೆ. ಚೆನ್ನಾಗಿಯೇ ಕಂಡಿತು. ಅಷ್ಟರಲ್ಲಿ ಹೋಗಿದ್ದ ಕರೆಂಟು ಬಂತು, ಫ್ಯಾನು ತಿರುಗಿತು, ಪಶ್ಚಿಮ ದಿಕ್ಕಿನ ಕಾಂಪೌಂಡು ಹಾರಿಹೋಗಿ ಸಾರಿನ ಪಾತ್ರೆಯಲ್ಲಿ ಬಿತ್ತು. ಅದನ್ನು ತೊಳೆದು ತಂದು ಅಂಟಿಸಿದೆ. ಗೋಡೆಗೆ ಸ್ವಲ್ಪ ತೂಕ ಬರಲಿ ಎಂದು, ಬಾಗಿಲಿಗೆ ಬಳಿದು ಉಳಿದಿದ್ದ ಆಯಿಲ್ ಪೇಂಟನ್ನು ಥಿನ್ನರ್ ಹಾಕಿ ತೆಳ್ಳಗೆ ಮಾಡಿ ಧಾರಾಳವಾಗಿ ಬಳಿದೆ. ಥರ್ಮಕೋಲಿಗೂ ಥಿನ್ನರಿಗೂ ಆಗಿಬರುವುದಿಲ್ಲ ಎಂಬ ಸಂಗತಿ ವಿಜ್ಞಾನದ ಮೇಷ್ಟ್ರಿಗೆ ಗೊತ್ತಿರುತ್ತದೆ. ನಾನು ಭೂಗೋಳದವನು. ನೋಡನೋಡುತ್ತಿದ್ದಂತೆ ಗೋಡೆ ಚುಂಯ್ ಎಂದು ಕುಗ್ಗಿ, ಕರಗಿ, ಇಲ್ಲವಾಯಿತು!

"ಇದೇನ್ರಿ ಇದು, ಸಬಕಾರದ ನೊರಿ ಬಿದ್ದಂಗೆ ಐತಲ್ಲ," ಎಂದಳು ನಿರ್ಮಲಾ.

"ಪ್ರಯೋಗ," ಎಂದೆ.

"ಶ್ರಾವಣ ಶುರು ಆತು. ಅಪ್ಪಾಜಿ ಒಂದು ಮಾತು ಆಡಿದ್ರೆ ಆತು, ತಿರುಗಿಸೋದಿಲ್ಲ. ನೆಪ್ಪಿರ್ಲಿ." ಅವಳ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಿತ್ತು.

ಕಲ್ಲಿನ ಗೋಡೆಗೆ ಕಲ್ಲೇ ಸರಿ ಎಂದು ಮುಂದಿನ ಭಾನುವಾರ ಹರಿಹರದ ಬಸ್ಸು ಹತ್ತಿದೆ. ಹೊಳೆಯ ದಡದಲ್ಲಿ ಸಣ್ಣ ಸಣ್ಣ ನುಣುಪು ಕಲ್ಲುಗಳು ರಾಶಿ ಬಿದ್ದಿರುತ್ತವೆ, ಆರಿಸಿ ತಂದರಾಯಿತು ಎಂಬುದು ಯೋಜನೆ. ಹೊಳೆಗೆ ಇಳಿಯುವ ಮೆಟ್ಟಿಲ ಮೇಲೆ ನಿಂತು ನೋಡುತ್ತೇನೆ, ತುಂಗಭದ್ರೆ ಈ ದಡದಿಂದ ಆ ದಡಕ್ಕೆ ಕೆಂಪಗೆ ತುಂಬಿ ಹರಿಯುತ್ತಿದ್ದಾಳೆ. ಕಲ್ಲೂ ಇಲ್ಲ, ಮರಳೂ ಇಲ್ಲ, ಅರ್ಧ ಮೆಟ್ಟಿಲುಗಳೇ ಇಲ್ಲ! ಮುಂಗಾರಿನಲ್ಲಿ ಮಲೆನಾಡಿನ ಮಳೆಯಿಂದ ಈ ನದಿ ತುಂಬಿ ಹರಿಯುತ್ತದೆ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು, ಮಕ್ಕಳಿಂದ ಬಾಯಿಪಾಠ ಮಾಡಿಸಿ, ತಪ್ಪಿದವರ ಕಿವಿ ಹಿಂಡಿದವನು ನಾನೇ.

ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬರು ತಲೆ ಎತ್ತಿ ಕೇಳಿದರು: "ಏನು ಹುಡುಕಾಕತ್ತೀರ್ರಿ?"

"ಕಲ್ಲು."

"ಹಂಗಾದ್ರೆ ಬ್ಯಾಸಿಗ್ಯಾಗೆ ಬರ್ರಿ," ಎಂದು ಅವರು ಒಗೆಯುವುದನ್ನು ಮುಂದುವರಿಸಿದರು.

ಬಸ್ ನಿಲ್ದಾಣದ ಕಡೆ ಬರುವಾಗ ಒಂದು ಮನೆ ಕಟ್ಟುತ್ತಿದ್ದರು. ರಸ್ತೆಯ ಪಕ್ಕ ಸಣ್ಣ ಜಲ್ಲಿಯ ಗುಡ್ಡೆ. ಅತ್ತಿತ್ತ ನೋಡಿ ಕರವಸ್ತ್ರ ಹಾಸಿ ನಾಲ್ಕು ಹಿಡಿ ತುಂಬಿಕೊಂಡೆ. ಗಂಟು ಹಾಕುವಾಗ ಹಿಂದಿನಿಂದ ದನಿ ಬಂತು: "ಮನಿ ಕಟ್ಟಿಸಾಕತ್ತೀರೇನ್ರಿ?" ಅಲ್ಲಿನ ಕಾವಲಿನವನು.

"ಇಲ್ಲಪ್ಪ, ಕಾಂಪೌಂಡು," ಎಂದೆ.

ಅವನು ಕರವಸ್ತ್ರದ ಗಂಟನ್ನು ನೋಡಿದ, ನನ್ನನ್ನು ನೋಡಿದ, ಬೈಯಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. "ಒಯ್ಯಿರಿ ಒಯ್ಯಿರಿ. ಹುಷಾರಾಗಿ ಮನಿಗೆ ಹೋಗ್ರಿ," ಎಂದ. ಇಷ್ಟು ಕರುಣೆಯಿಂದ ನನ್ನನ್ನು ಅದುವರೆಗೆ ಯಾರೂ ಮಾತಾಡಿಸಿರಲಿಲ್ಲ.

ಮೈದಾ ಹಿಟ್ಟಿನ ಅಂಟು ಕಾಯಿಸಿ ಜಲ್ಲಿಯನ್ನು ಸಾಲಾಗಿ ಅಂಟಿಸಿದೆ. ಅರ್ಧ ಇಂಚಿನ ಒಂದು ಜಲ್ಲಿ ನನ್ನ ಅಳತೆಯಲ್ಲಿ ಐದು ಅಡಿಯ ಬಂಡೆ.

"ಇದು ತೋಟದ ಗೋಡ್ಯೋ, ಚಿತ್ರದುರ್ಗದ ಕೋಟ್ಯೋ?" ಎಂದಳು ನಿರ್ಮಲಾ.

ಕೋಟೆಯಾದರೂ ನಿಂತಿತಲ್ಲ ಎಂದುಕೊಂಡೆ. ಆದರೆ ಬೆಳಿಗ್ಗೆ ಎದ್ದು ನೋಡಿದರೆ, ಇಲಿಯೊಂದು ಮೈದಾ ಅಂಟನ್ನೆಲ್ಲ ತಿಂದು ಬಂಡೆಗಳನ್ನು ಚೆಲ್ಲಾಡಿ ಹೋಗಿತ್ತು. ಎಮ್ಮೆಯನ್ನು ತಡೆಯಬೇಕಾದ ಗೋಡೆಯನ್ನು ಇಲಿ ಊಟ ಮಾಡಿತ್ತು!

ಹೀಗೆ ಕಡೇ ಸೋಮವಾರದ ಹಿಂದಿನ ದಿನ ಬಂತು. ನಿರ್ಮಲಾ ಪೂಜೆಯ ಸಾಮಾನು ತರಲು ಮಾರ್ಕೆಟ್ಟಿಗೆ ಹೋಗಿದ್ದಳು. ನಾನು ಪ್ಲೈವುಡ್ಡಿನ ಮುಂದೆ ತಲೆ ಮೇಲೆ ಕೈ ಹೊತ್ತು ಕುಳಿತಿದ್ದೆ. ದೇವರಾದರೂ ದಾರಿ ತೋರಿಸಲಿ ಎಂದು ದೇವರ ಮನೆಗೆ ಹೋದೆ. ತೋರಿಸಿಯೇಬಿಟ್ಟ. ದೇವರ ಜಗಲಿಯ ಮೇಲೆ ವಿಭೂತಿಯ ಡಬ್ಬಿ ಇತ್ತು.

ನಮ್ಮಲ್ಲಿ ವಿಭೂತಿ ಎಂದರೆ ಪುಡಿಯಲ್ಲ, ಗಟ್ಟಿ. ಬೆರಳುದ್ದದ, ಚೌಕ ಅಂಚಿನ ಬಿಳಿ ಇಟ್ಟಿಗೆಯಂತಿರುತ್ತದೆ. ಪೂಜೆಗೆ ಬಂದವರಿಗೆ ಕೊಡಲೆಂದು ನಿರ್ಮಲಾ ಡಬ್ಬಿ ತುಂಬಾ ತರಿಸಿಟ್ಟಿದ್ದಳು. ಒಂದು ಗಟ್ಟಿಯನ್ನು ಕೈಯಲ್ಲಿ ಹಿಡಿದು ನೋಡಿದೆ. ಆಗತಾನೆ ಸುಣ್ಣ ಬಳಿದ ಕಾಂಪೌಂಡು! ಇಷ್ಟು ದಿನ ನಾನು ಹುಡುಕಿದ ಗೋಡೆಗೆ ದಿನಾ ಬೆಳಿಗ್ಗೆ ಕೈಮುಗಿದು, ಅದನ್ನೇ ಹಣೆಗೆ ಹಚ್ಚಿಕೊಂಡು ಶಾಲೆಗೆ ಹೋಗುತ್ತಿದ್ದೆನಲ್ಲ ಎಂದು ನನ್ನ ಮೇಲೇ ನಗು ಬಂತು.

ಹ್ಯಾಕ್ಸಾ ಬ್ಲೇಡಿನಿಂದ ಗಟ್ಟಿಗಳನ್ನು ಉದ್ದುದ್ದ ತೆಳ್ಳಗೆ ಸೀಳಿದೆ. ಅಂಚಿಗೆ ನೀರು ಮುಟ್ಟಿಸಿ ಒತ್ತಿದರೆ ಒಂದಕ್ಕೊಂದು ಕಚ್ಚಿಕೊಳ್ಳುತ್ತಿದ್ದವು, ಅಂಟಿನ ಹಂಗಿಲ್ಲ, ಇಲಿಯ ಭಯವಿಲ್ಲ. ಕಾಲುವೆಯ ಕಡೆಗೆ ಒಂದು ಗೇಟು, ಅದಕ್ಕೆ ಎರಡು ಕಂಬ. ಡಬ್ಬಿ ಖಾಲಿಯಾಗುವುದಕ್ಕೂ ನಾಲ್ಕೂ ದಿಕ್ಕು ಮುಗಿಯುವುದಕ್ಕೂ ಸರಿಹೋಯಿತು. ಪೂಜೆಯ ವಸ್ತುವನ್ನು ಗರಗಸದಿಂದ ಕೊಯ್ದೆನಲ್ಲ ಎಂದು ಒಂದು ಕ್ಷಣ ಮನಸ್ಸು ಅಳುಕಿತು. ತೋಟಕ್ಕೆ ದೇವರ ರಕ್ಷೆಯೇ ಸಿಕ್ಕಿತಲ್ಲ ಎಂದು ಸಮಾಧಾನ ಮಾಡಿಕೊಂಡೆ.

ನಿರ್ಮಲಾ ಬಂದು ನೋಡಿ ನಿಂತುಬಿಟ್ಟಳು. "ರೀ! ಎಷ್ಟು ಚಂದ ಆಗೈತ್ರಿ! ಯಾತರಾಗೆ ಮಾಡಿದ್ರಿ?"

"ನಾಳೆ ಎಲ್ಲರ ಎದುರಿಗೆ ಹೇಳ್ತೀನಿ," ಎಂದೆ. ಮದುವೆಯಾದ ಮೇಲೆ ಅವಳು ನನ್ನ ಕೆಲಸವನ್ನು ಮೆಚ್ಚಿ ನೋಡಿದ್ದು ಅದೇ ಮೊದಲು. ಆ ಸಂತೋಷದಲ್ಲಿ ಡಬ್ಬಿಯ ವಿಚಾರ ಹೇಳುವುದು ಮರೆತೇಹೋಯಿತು.

ಸೋಮವಾರ ಬೆಳಿಗ್ಗೆ ನಡುಮನೆಯಲ್ಲಿ ಪೂಜೆ. ಪಕ್ಕದಲ್ಲೇ ಒಂದು ಮೇಜಿನ ಮೇಲೆ ನನ್ನ ತೋಟ. ಓಣಿಯವರೆಲ್ಲ ಬಂದಿದ್ದರು. ಎದುರು ಮನೆಯ ಗಿರಿಜಮ್ಮ ಎಲ್ಲರಿಗಿಂತ ಮೊದಲೇ ಬಂದು ಮುಂದೆ ಕುಳಿತಿದ್ದರು. ಮಾವನವರು, ಹರಿಹರದಲ್ಲಿ ಬಸ್ಸು ತಪ್ಪಿತು, ತಡವಾಗಿ ಬರುತ್ತೇನೆಂದು ಫೋನು ಮಾಡಿದ್ದರು. ಪೂಜೆ ಮಾಡಿಸುವ ಅಯ್ಯನವರು ಮಣೆಯ ಮೇಲೆ ಕುಳಿತು ಕೈಚಾಚಿದರು.

"ವಿಭೂತಿ ಕೊಡವ್ವ."

ನಿರ್ಮಲಾ ಡಬ್ಬಿ ತೆರೆದಳು. ಒಳಗೆ ಒಂದಿಷ್ಟು ಬಿಳಿ ಪುಡಿ, ಮತ್ತು ಒಂದು ಹ್ಯಾಕ್ಸಾ ಬ್ಲೇಡು!

ಅವಳು ಬ್ಲೇಡನ್ನು ನೋಡಿದಳು. ಮೇಜಿನ ಮೇಲಿನ ಕಾಂಪೌಂಡನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಮನೆತುಂಬ ಜನರ ಎದುರು ನಾನು ಎದ್ದು ನಿಂತು, ಪಾಠ ಒಪ್ಪಿಸುವ ಹುಡುಗನ ಹಾಗೆ ವಿಷಯ ಹೇಳಿದೆ.

"ತಡೀರಿ ಅಯ್ನೋರೆ, ಪಕ್ಕದ ಮನಿಯಿಂದ ತರ್ತೀನಿ," ಎಂದಳು ನಿರ್ಮಲಾ. ಅವಳ ಮುಖ ಕೆಂಪಾಗಿತ್ತು.

ಅಯ್ಯನವರು ಶಾಂತವಾಗಿ ಕಾಂಪೌಂಡನ್ನು ಪರಿಶೀಲಿಸಿದರು. "ಅಂಟು ಗಿಂಟು ಏನಾರ ಹಚ್ಚೀರೇನು?"

"ಇಲ್ಲ ಅಯ್ನೋರೆ. ಬರೀ ನೀರು."

"ಮತ್ಯಾಕ ಓಣಿ ತಿರುಗ್ತೀಯವ್ವ? ಮನ್ಯಾಗೆ ಇಷ್ಟು ಐತಲ್ಲ." ಹೀಗೆಂದು ಮೇಜಿನ ಮೇಲೊಂದು ಹೂವಿಟ್ಟು, ನಮಸ್ಕಾರ ಮಾಡಿ, ಪೂರ್ವ ದಿಕ್ಕಿನ ಗೋಡೆಯಿಂದ ಎರಡು ತುಂಡು ಮುರಿದುಕೊಂಡರು.

ಎರಡೇ ತುಂಡು. ಗೋಡೆಯಲ್ಲಿ ಒಂದು ಸಣ್ಣ ಕಿಂಡಿ. ಅದನ್ನೇ ಇನ್ನೊಂದು ಗೇಟು ಎಂದು ಮಾವನವರಿಗೆ ಹೇಳಿದರಾಯಿತು ಎಂದು ನಾನು ಉಸಿರು ಬಿಟ್ಟೆ. ಆದರೆ ಅಯ್ಯನವರು ಹೂವಿಟ್ಟು ಕೈಮುಗಿದ ಮೇಲೆ ಅದು ಕಾಂಪೌಂಡಾಗಿ ಉಳಿದಿರಲಿಲ್ಲ. ಮಂಗಳಾರತಿ ಆದದ್ದೇ ತಡ, ಗಿರಿಜಮ್ಮ ಎದ್ದು ಬಂದು ಉತ್ತರದ ಗೋಡೆಗೆ ಕೈಹಾಕಿದರು. ನಾನು ಸೀಳಿದ್ದು ಎಷ್ಟು ತೆಳ್ಳಗೆಂದರೆ ಒಬ್ಬರ ಹಣೆಗೆ ತಿಕ್ಕುವಷ್ಟರಲ್ಲಿ ಒಂದು ಚೂರು ಪುಡಿಯಾಗುತ್ತಿತ್ತು. ಅವರ ಹಿಂದೆ ಸಾಲು ನಿಂತಿತು. ಗಂಡಸರು ಪಶ್ಚಿಮ, ಹೆಂಗಸರು ಉತ್ತರ.

"ಸಣ್ಣ ಚೂರು ತಗೋರಿ, ಸಣ್ಣದು ಸಾಕು," ಎಂದು ನಾನು ಸುತ್ತ ಓಡಾಡಿದೆ.

"ಇರ್ಲಿ ಬಿಡ್ರಿ ಮೇಷ್ಟ್ರೇ, ಪೂಜಿ ಆದ ವಿಭೂತಿ. ನಮ್ಮ ಮನ್ಯಾಗೆ ಅತ್ತಿಗೆ ಮೈ ಹುಷಾರಿಲ್ಲ, ಅವರಿಗೂ ಇರ್ಲಿ," ಎಂದು ಒಬ್ಬರು ಮೂಲೆಯನ್ನೇ ಸೆರಗಿಗೆ ಕಟ್ಟಿಕೊಂಡರು. ದೇವರ ಪ್ರಸಾದ ತೆಗೆದುಕೊಳ್ಳಬೇಡಿ ಎಂದು ಶ್ರಾವಣ ಸೋಮವಾರ ಯಾವ ಬಾಯಿಂದ ಹೇಳುವುದು?

ಬಾಗಿಲಲ್ಲಿ ಮಾವನವರ ಚಪ್ಪಲಿಯ ಸದ್ದಾಗುವ ಹೊತ್ತಿಗೆ ಕಾಲುವೆ ಕಡೆಯ ಗೇಟು ಮತ್ತು ಅದರ ಎರಡು ಕಂಬ ಮಾತ್ರ ಉಳಿದಿದ್ದವು. ಇದ್ದುದರಲ್ಲಿ ಇದನ್ನಾದರೂ ತೋರಿಸೋಣ ಎಂದು ನಾನು ಮೇಜಿನ ಮುಂದೆ ಅಡ್ಡ ನಿಂತೆ. ಮಾವ ಕೈಕಾಲು ತೊಳೆದು ಬಂದು ದೇವರಿಗೆ ಕೈಮುಗಿದು, ಹಳೇ ಕಾಲದವರಲ್ಲವೇ, ಎಲ್ಲಕ್ಕಿಂತ ಮೊದಲು ಕೇಳಿದರು:

"ವಿಭೂತಿ ಎಲ್ಲೈತೆ?"

"ಇಲ್ಲೈತೆ ತಗೋರಿ ಗೌಡ್ರೆ!" ನನ್ನ ಕಂಕುಳಡಿಯಿಂದ ಕೈ ತೂರಿಸಿದ ಗಿರಿಜಮ್ಮ ಗೇಟನ್ನು ಕಂಬಸಮೇತ ಕಿತ್ತು ಅವರ ಅಂಗೈಯಲ್ಲಿ ಇಟ್ಟರು. ಮಾವ ನೀರು ಹಾಕಿ ತಿಕ್ಕಿ, ಹಣೆಗೆ ಮೂರು ಪಟ್ಟೆ ಎಳೆದರು. ಆಮೇಲೆ ಕುತ್ತಿಗೆ, ಎರಡು ತೋಳು, ಎದೆ. ಗೇಟು ಮುಗಿಯಿತು.

ಕೈ ಒರೆಸಿಕೊಳ್ಳುತ್ತ ಅವರು ನನ್ನ ಕಡೆ ತಿರುಗಿದರು. "ಹೂಂ. ಎಲ್ಲಿ ಮೇಷ್ಟ್ರೇ, ತೋರ್ಸ್ರಿ ನಿಮ್ಮ ಗೋಡಿ."

ನಾನು ಮೇಜು ನೋಡಿದೆ. ಬರಿಯ ಹುಲ್ಲು, ಗಿಡ, ಕಾಲುವೆ.

"ನಿಮ್ಮ ಹಣಿ ಮ್ಯಾಲೆ ಐತೆ ಅಪ್ಪಾಜಿ," ಎಂದಳು ನಿರ್ಮಲಾ.

ಮಾವ ಹಣೆ ಮುಟ್ಟಿಕೊಂಡರು. ಸುತ್ತ ಕುಳಿತವರ ಹಣೆಗಳನ್ನು ಒಂದೊಂದಾಗಿ ನೋಡಿದರು. ಇಡೀ ಕಾಂಪೌಂಡು, ಮೂರು ಮೂರು ಪಟ್ಟೆಯಾಗಿ, ನಡುಮನೆಯ ತುಂಬ ಸಾಲಾಗಿ ಕುಳಿತಿತ್ತು. ಯಾರೋ ಕಿಸಕ್ಕೆಂದರು. ಮಾವ ನಗಲಿಲ್ಲ. ನಿರ್ಮಲಾ ಎಲೆ ಅಡಿಕೆಯ ತಟ್ಟೆ ಹಿಡಿದು ನಿಂತಿದ್ದಳು. ನನ್ನ ಬಡಾಯಿಗೆ ಅವಳ ಹೊಲ ಹೋಯಿತಲ್ಲ ಎಂದು ನನಗೆ ನಿಜಕ್ಕೂ ಅಳು ಬರುವಂತಾಯಿತು.

ಮಾವ ಮೇಜಿನ ಬಳಿ ಬಂದು ಬಗ್ಗಿದರು. ಮೂಲೆಯ ದೊಡ್ಡ ಕಡ್ಡಿಯನ್ನು ಬೆರಳಿನಿಂದ ಮುಟ್ಟಿದರು.

"ಇದು ನಮ್ಮವ್ವ ಹಚ್ಚಿದ ಹುಣಸಿ ಗಿಡ ಅಲ್ಲೇನವ್ವ?"

"ಹೂಂ ಅಪ್ಪಾಜಿ."

"ಅದನ್ನ ಕಡಿದು ಭಾಳ ವರ್ಷ ಆತಲ್ಲ."

"ನಾನು ಮತ್ತೆ ಹಚ್ತೀನಿ."

ಮಾವ ನೆಟ್ಟಗೆ ನಿಂತರು. "ಹೊಲ ನಿಂದವ್ವ. ಭಟ್ಟಿಯೋನಿಗೆ ಬ್ಯಾಡ ಅಂದುಬಿಡ್ತೀನಿ. ಸುತ್ತಲೂ ಜಾಲಿ ಮುಳ್ಳಿನ ಬೇಲಿ ಹಾಕಿಸ್ತೀನಿ, ಎಮ್ಮೆಗೆ ಅಷ್ಟು ಸಾಕು."

ಬೇಲಿ! ನನಗೆ ತಡೆಯಲಾಗಲಿಲ್ಲ. "ಬೇಲಿ ಸಾಕು ಅಂತ ಮೊದಲೇ ಹೇಳಬಹುದಿತ್ತಲ್ಲ ಮಾವಾರೆ?"

"ನಾನು ಕಾವಲು ಅಂದೆ. ಗೋಡಿ ಅಂದೋರು ನೀವು," ಎಂದರು ಮಾವ. "ಓದಿದೋರು, ಏನೋ ಇರಬೇಕು ಅಂತ ಸುಮ್ಮನಾದೆ. ಹಾಂ, ದಾರಿ ಕಡಿಗೆ ಬೇಲಿಗೆ ಒಂದು ಬಾಯಿ ಬಿಡಬೇಕು, ಗಾಡಿ ಹೋಗಾಕೆ. ವಾರದ ದಿನ ನಮ್ಮ ಆಳು ನೋಡ್ಕೋತಾನೆ. ಭಾನುವಾರ ಅವನಿಗೆ ರಜಾ ಬೇಕು. ನಿಮಗೂ ಭಾನುವಾರ ರಜಾ ಐತಲ್ಲ?"

ನಿರ್ಮಲಾ ತಕ್ಷಣ, "ಐತೆ ಅಪ್ಪಾಜಿ!" ಎಂದಳು.

ಹೀಗೆ ನನ್ನ ನೇಮಕವಾಯಿತು. ಈಗ ಪ್ರತಿ ಭಾನುವಾರ ಬೆಳಗಿನ ಬಸ್ಸಿಗೆ ಹರಿಹರ, ಅಲ್ಲಿಂದ ಭಾನುವಳ್ಳಿ. ನಿರ್ಮಲಾ ಒಳಗೆ ಗಿಡಗಳ ನಡುವೆ ಹಾಡಿಕೊಂಡು ಓಡಾಡುತ್ತಾಳೆ. ನಾನು ಬೇಲಿಯ ಬಾಯಲ್ಲಿ ಕೋಲು ಹಿಡಿದು, ಎದೆ ಸೆಟೆಸಿ ನಿಲ್ಲುತ್ತೇನೆ. ಅಳತೆ ಪಕ್ಕಾ, ಐದೂವರೆ ಅಡಿ, ಯಾವ ಪ್ರಮಾಣಕ್ಕೂ ಇಳಿಸಿಲ್ಲ.

ಮೊದಲ ಭಾನುವಾರವೇ ಎರಡು ಎಮ್ಮೆ ಬಂದವು. ನಾನು ಕೋಲೆತ್ತಿ, ಹೈಸ್ಕೂಲೇ ನಡುಗುವ ನನ್ನ ದನಿಯಲ್ಲಿ "ಏಯ್!" ಎಂದೆ. ಮುಂದಿನ ಎಮ್ಮೆ ನಿಂತು ನನ್ನನ್ನು ನೋಡಿತು. ಆಮೇಲೆ ನನ್ನ ಹೊಟ್ಟೆಗೆ ಬೆನ್ನು ತಿಕ್ಕಿ ತುರಿಕೆ ಕಳೆದುಕೊಂಡು, ಒಳಗೆ ಹೋಯಿತು.